ರೊಟ್ಟಿ ಬಾರದ ಯಂತ್ರ: ಸಿಂಧನೂರು ಸೀಮೆಯ ಒಂದು ಮನೆ ಟಿವಿ ಶಾಪಿಂಗ್ ಬಿಟ್ಟ ಪ್ರಕರಣ

ಟಿವಿಯಲ್ಲಿ ನೋಡಿ, ಫೋನ್ ಮಾಡಿ ಸಾಮಾನು ತರಿಸುವ ಅಭ್ಯಾಸ ಏಕೆ ಸೊರಗಿತು ಎಂದು ಕೇಳಿದರೆ ಎಲ್ಲರೂ ಒಂದೇ ಉಸಿರಿಗೆ 'ಮೊಬೈಲ್ ಬಂತಲ್ಲ' ಎನ್ನುತ್ತಾರೆ. ನಾನು ವಾಣಿಜ್ಯ ಪಾಠ ಹೇಳುವ ಮಕ್ಕಳೂ ಪರೀಕ್ಷೆಯಲ್ಲಿ ಅದನ್ನೇ ಬರೆಯುತ್ತಾರೆ, ನಾವೂ ಅಂಕ ಕೊಡುತ್ತೇವೆ. ಆದರೆ ಸಿಂಧನೂರು ತಾಲ್ಲೂಕಿನ ಒಂದು ಮನೆಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಕೂತು ಕೇಳಿದ ಮೇಲೆ ಆ ಉತ್ತರ ಅರ್ಧ ಮಾತ್ರ ಸರಿ ಎನ್ನಿಸಿದೆ. ಆ ಮನೆಯವರು ಟಿವಿ ಶಾಪಿಂಗ್ ಬಿಟ್ಟಾಗ ಅವರ ಬಳಿ ಸ್ಮಾರ್ಟ್‌ಫೋನ್ ಇರಲೇ ಇಲ್ಲ. ಬಿಟ್ಟು ಎರಡು ವರ್ಷವಾದ ಮೇಲೆ ಫೋನ್ ಬಂತು. ಈ ನಡುವಿನ ಎರಡು ವರ್ಷ ಅವರು ಟಿವಿಯಲ್ಲೂ ಕೊಳ್ಳಲಿಲ್ಲ, ಮೊಬೈಲಿನಲ್ಲೂ ಕೊಳ್ಳಲಿಲ್ಲ. ಪ್ರಕರಣದ ಗಂಟು ಅಲ್ಲಿದೆ.

ಮನೆಯವರ ಕೋರಿಕೆಯಂತೆ ಅವರ ಹೆಸರನ್ನೂ ಹಳ್ಳಿಯ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ಸಾಮಾನು ಕಳಿಸಿದ ಕಂಪನಿಯ ಹೆಸರೂ ಬೇಡ.

ಮನೆ ಮತ್ತು ಮನೆಯವರು

ತುಂಗಭದ್ರಾ ಎಡದಂಡೆ ಕಾಲುವೆಯ ಅಂಚಿನ ಹಳ್ಳಿ. ಸ್ವಂತದ್ದು ಸ್ವಲ್ಪ, ಲಾವಣಿಗೆ, ಅಂದರೆ ಗುತ್ತಿಗೆಗೆ, ಹಿಡಿದದ್ದು ಸ್ವಲ್ಪ, ಎಲ್ಲ ಸೇರಿ ಭತ್ತದ ಒಕ್ಕಲುತನ. ಭತ್ತ ಬೆಳೆದು ಮಾರುವ ಮನೆಯಾದರೂ ಉಣ್ಣುವುದು ಜೋಳದ ರೊಟ್ಟಿಯನ್ನೇ. ನೀರಾವರಿ ಬಂದು ಇಷ್ಟು ವರ್ಷವಾದರೂ ಈ ಕಡೆಯ ಅನೇಕ ಮನೆಗಳಲ್ಲಿ ಅದು ಬದಲಾಗಿಲ್ಲ. ಮನೆಯಲ್ಲಿ ಅತ್ತೆ, ಅವರ ಇಬ್ಬರು ಗಂಡುಮಕ್ಕಳು, ಸಿರುಗುಪ್ಪದ ಕಡೆಯಿಂದ ಬಂದ ಹಿರಿಯ ಸೊಸೆ. ಕಿರಿಯ ಸೊಸೆ ಬಂದದ್ದು ಆಮೇಲೆ. ಹಿರಿಯ ಸೊಸೆಗೆ ಕನ್ನಡದಷ್ಟೇ ಸಲೀಸಾಗಿ ತೆಲುಗು ಬರುತ್ತದೆ. ಈ ಗಡಿ ಸೀಮೆಯಲ್ಲಿ ಅದೇನೂ ವಿಶೇಷವಲ್ಲ, ಆಂಧ್ರದಿಂದ ಬಂದ ರೈತರು ನೆಲೆಸಿದ ಸುತ್ತಲಿನ ಕ್ಯಾಂಪುಗಳಲ್ಲಿ ಅರ್ಧ ಮಾತು ತೆಲುಗಿನಲ್ಲೇ ನಡೆಯುತ್ತದೆ. ಆದರೆ ಈ ಪ್ರಕರಣದಲ್ಲಿ ಆ ತೆಲುಗು ಒಂದು ಮುಖ್ಯ ಕೆಲಸ ಮಾಡಿದೆ, ಮುಂದೆ ಹೇಳುತ್ತೇನೆ.

ಟಿವಿಯಲ್ಲಿ ಮಾರಾಟ ನಮಗೆ ಹೊಸದಾಗಿರಲಿಲ್ಲ. 1990ರ ದಶಕದಲ್ಲೇ ಮಧ್ಯಾಹ್ನ ಮತ್ತು ನಡುರಾತ್ರಿ, ತುಟಿ ಒಂದು ಹೇಳಿದರೆ ಧ್ವನಿ ಇನ್ನೊಂದು ಹೇಳುವ ಡಬ್ಬಿಂಗ್ ಜಾಹೀರಾತುಗಳು ಬರುತ್ತಿದ್ದವು. ಹೊಟ್ಟೆ ಕರಗಿಸುವ ಬೆಲ್ಟು, ತರಕಾರಿ ಹೆಚ್ಚುವ ಯಂತ್ರ, ಅದೃಷ್ಟ ತರುವ ಯಂತ್ರ. 2008ರಲ್ಲಿ ಹೋಮ್‌ಶಾಪ್18 ದಿನವಿಡೀ ಮಾರಾಟವನ್ನೇ ತೋರಿಸುವ ವಾಹಿನಿಯಾಗಿ ಶುರುವಾಯಿತು. ಮರುವರ್ಷ ಕೊರಿಯಾದ ಸಿಜೆ ಕಂಪನಿಯ ಜೊತೆ ಸ್ಟಾರ್ ಸೇರಿಕೊಂಡು ಇನ್ನೊಂದು ತಂದಿತು. ನಾಪ್ಟಾಲ್ ಎಂಬ ಮಾರಾಟ ಕಂಪನಿ ಕೂಡ ಟಿವಿಗೆ ಇಳಿಯಿತು. ನಂತರದ ವರ್ಷಗಳಲ್ಲಿ ಈ ಮಾರಾಟ ದಕ್ಷಿಣದ ಭಾಷೆಗಳಲ್ಲೂ ಬಂತು. ಈ ಮನೆಯವರು ಗಿರಾಕಿಗಳಾದದ್ದು ಆಗಲೇ.

ಮೊದಲ ಖುಷಿ

ಅನಲಾಗ್ ಕೇಬಲ್ ಇದ್ದ ಕಾಲ. ಎರಡು ಧಾರಾವಾಹಿ ವಾಹಿನಿಗಳ ನಡುವೆ ಶಾಪಿಂಗ್ ವಾಹಿನಿ ಕೂತಿರುತ್ತಿತ್ತು. ಆ ಜಾಗ ಸುಮ್ಮನೆ ಸಿಕ್ಕದ್ದಲ್ಲ, ಇಂಥ ವಾಹಿನಿಗಳು ಕೇಬಲ್ ಜಾಲಕ್ಕೆ ಹಣ ಕಟ್ಟಿ ಜಾಗ ಹಿಡಿಯುತ್ತಿದ್ದವು. ರಿಮೋಟ್ ಒತ್ತುತ್ತ ಹೋದರೆ ದಾರಿಯಲ್ಲಿ ಅದು ಸಿಗಲೇಬೇಕು. ಮಧ್ಯಾಹ್ನದ ಊಟವಾದ ಮೇಲೆ ಅತ್ತೆ, ಸೊಸೆ, ಪಕ್ಕದ ಮನೆಯ ಒಬ್ಬಿಬ್ಬರು ಕೂತು ನೋಡುತ್ತಿದ್ದರು.

ಮೊದಲು ತರಿಸಿದ್ದು ಕರೆಂಟ್ ಹೋದಾಗ ಉರಿಯುವ ಚಾರ್ಜಿಂಗ್ ದೀಪ. ಚೆನ್ನಾಗಿತ್ತು, ವರ್ಷಗಟ್ಟಲೆ ಬಾಳಿತು. ಆಮೇಲೆ ಮುಚ್ಚಳವಿರುವ ಡಬ್ಬಿಗಳ ಸೆಟ್. ಅದರ ಬಗ್ಗೆಯೂ ತಕರಾರಿಲ್ಲ. ಮೋಸದಿಂದ ಶುರುವಾದ ಕಥೆಯಲ್ಲ ಇದು. ಟಿವಿ ಶಾಪಿಂಗ್ ಎಂದರೆ ಮೊದಲಿನಿಂದಲೂ ಟೋಪಿ ಎಂದು ಈಗ ಮೀಸೆ ತಿರುವುವವರು ಆಗ ಅದೇ ದೀಪದ ಬೆಳಕಿನಲ್ಲಿ ಉಂಡಿದ್ದಾರೆ.

ಹಿರಿಯ ಸೊಸೆ ಹೇಳಿದ ಒಂದು ಮಾತು ನನಗೆ ಮಾರುಕಟ್ಟೆಯ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. ಸಿಂಧನೂರಿನ ಪೇಟೆಗೆ ಹೋದರೆ ಸೀರೆ ಅತ್ತೆಯದೇ ಆಯ್ಕೆ, ಪಾತ್ರೆ ಗಂಡನದೇ ಚೌಕಾಸಿ. ತಾನು ಚೀಲ ಹಿಡಿಯುವವಳು. ಟಿವಿಯಿಂದ ಬಂದ ಡಬ್ಬಿಯ ಮೇಲೆ ಮಾತ್ರ ಇವರ ಹೆಸರಿತ್ತು. 'ಪೋಸ್ಟಿನವರು ಬಾಗಿಲಲ್ಲಿ ನಿಂತು ನನ್ನ ಹೆಸರು ಕೂಗಿದರು ಸರ್. ಈ ಊರಿಗೆ ಬಂದ ಮೇಲೆ ನನ್ನ ಹೆಸರನ್ನು ಅಷ್ಟು ಜೋರಾಗಿ ಯಾರೂ ಕೂಗಿರಲಿಲ್ಲ.' ಉತ್ಸಾಹ ಎಂದು ನಾವು ಕರೆಯುವುದರಲ್ಲಿ ಸಾಮಾನಿನ ಪಾಲು ಎಷ್ಟು, ಈ ಕೂಗಿನ ಪಾಲು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಯಂತ್ರ ಬಂತು

2015ರ ಬೇಸಿಗೆ. ಸುಗ್ಗಿಯ ದುಡ್ಡು ಕೈಯಲ್ಲಿತ್ತು. ಟಿವಿಯಲ್ಲಿ ಕರೆಂಟಿನ ರೊಟ್ಟಿ ಯಂತ್ರ ಬಂತು. ಹಿಟ್ಟಿನ ಉಂಡೆ ಇಡು, ಮೇಲಿನ ತಟ್ಟೆ ಒತ್ತು, ತೆಗೆ, ಉಬ್ಬಿದ ರೊಟ್ಟಿ. ರಾಯಚೂರು ಜಿಲ್ಲೆಯ ಏಪ್ರಿಲ್ ತಿಂಗಳಲ್ಲಿ ಒಲೆಯ ಮುಂದೆ ಕೂತು ಹತ್ತಿಪ್ಪತ್ತು ರೊಟ್ಟಿ ಬಡಿಯುವ ಹೆಂಗಸಿಗೆ ಆ ದೃಶ್ಯ ಹೇಗೆ ಕಂಡಿರಬೇಕು ಎಂದು ಫ್ಯಾನಿನ ಕೆಳಗೆ ಕೂತು ಬರೆಯುವ ನಾನು ವಿವರಿಸುವುದು ತರವಲ್ಲ.

ಅವರು ಕುರುಡಾಗಿ ಕೊಳ್ಳಲಿಲ್ಲ. ತೆರೆಯ ಮೇಲೆ ಕಂಡ ಉಂಡೆ ಗೋಧಿ ಹಿಟ್ಟಿನದು ಎಂಬುದು ಅತ್ತೆ, ಸೊಸೆ ಇಬ್ಬರಿಗೂ ತಿಳಿದಿತ್ತು. ಅದಕ್ಕಾಗಿ ಫೋನ್ ಮಾಡಿ ಕೇಳಿದರು: ಜೋಳದ ರೊಟ್ಟಿ ಬರುತ್ತದೆಯೇ? ಆ ಕಡೆಯ ಹುಡುಗಿ ಎಲ್ಲ ಹಿಟ್ಟಿನದೂ ಬರುತ್ತದೆ ಮೇಡಂ ಎಂದಳು. ಅವಳನ್ನು ಬೈಯುವುದರಲ್ಲಿ ಅರ್ಥವಿಲ್ಲ. ಅವಳ ಮುಂದಿದ್ದ ಹಾಳೆಯಲ್ಲಿ ಜೋಳ ಎಂಬುದೇ ಇದ್ದಿರಲಾರದು.

ಯಂತ್ರ ಮನೆಗೆ ಬಂದ ದಿನವೇ ಪರೀಕ್ಷೆ ನಡೆಯಿತು, ಅಂದೇ ಫಲಿತಾಂಶವೂ ಬಂತು. ಗೋಧಿ ಹಿಟ್ಟಿನಲ್ಲಿ ಗ್ಲುಟೆನ್ ಇರುತ್ತದೆ. ನಾದಿದಂತೆ ಅದು ಬಲೆಯ ಹಾಗೆ ಹೆಣೆದುಕೊಂಡು ಹಿಟ್ಟನ್ನು ಹಿಡಿದಿಡುತ್ತದೆ, ಒತ್ತಿದರೆ ಹರಿಯದೆ ಹಿಗ್ಗುತ್ತದೆ. ಜೋಳದಲ್ಲಿ ಅದಿಲ್ಲ. ಆದ್ದರಿಂದಲೇ ನಮ್ಮ ಹೆಂಗಸರು ಕುದಿಯುವ ನೀರು ಹಾಕಿ ಹಿಟ್ಟನ್ನು ಹದ ಮಾಡುತ್ತಾರೆ, ಬಿಸಿ ಇರುವಾಗಲೇ ನಾದುತ್ತಾರೆ, ಲಟ್ಟಣಿಗೆ ಬಿಟ್ಟು ಅಂಗೈಯಲ್ಲಿ ತಿರುಗಿಸುತ್ತ ಬಡಿಯುತ್ತಾರೆ. ಅಂಚು ಸೀಳಿದರೆ ಬೆರಳು ಅಲ್ಲೇ ಕೂಡಿಸುತ್ತದೆ. ಹಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ನೀರು ಸವರುವುದೂ ಒಂದು ಲೆಕ್ಕಾಚಾರ. ಯಂತ್ರಕ್ಕೆ ಈ ಯಾವುದೂ ಗೊತ್ತಿಲ್ಲ, ಅದು ಒಮ್ಮೆಗೇ ಒತ್ತುತ್ತದೆ. ಜೋಳದ ಉಂಡೆ ಸುತ್ತಲೂ ಬಿರುಕು ಬಿಟ್ಟು, ಅರ್ಧ ಮೇಲಿನ ತಟ್ಟೆಗೆ, ಅರ್ಧ ಕೆಳಗಿನ ತಟ್ಟೆಗೆ ಅಂಟಿಕೊಂಡಿತು. ಅದರ ಮೇಲೆ ಬೇಸಿಗೆಯ ವೋಲ್ಟೇಜ್. ತಟ್ಟೆ ಕಾಯುವ ಹೊತ್ತಿಗೆ ಹಂಚಿನ ಮೇಲೆ ನಾಲ್ಕು ರೊಟ್ಟಿ ಆಗುತ್ತಿದ್ದವು. ಗೋಧಿಯದು ಬಂತೇ ಎಂದು ಕೇಳಿದೆ. 'ಬಂತು, ಹಪ್ಪಳದಂತೆ' ಎಂದರು ಅತ್ತೆ.

ವಾಪಸ್ ಎಂಬ ದಾರಿ

ಇಷ್ಟಕ್ಕೇ ಯಾರೂ ಒಂದು ವ್ಯಾಪಾರವನ್ನು ಬಿಡುವುದಿಲ್ಲ. ಪೇಟೆಯ ಅಂಗಡಿಯಲ್ಲೂ ಕೆಟ್ಟ ಸಾಮಾನು ಸಿಗುತ್ತದೆ. ಪ್ರಕರಣ ತಿರುಗಿದ್ದು ಆಮೇಲೆ.

ವಾಪಸ್ ತೆಗೆದುಕೊಳ್ಳುತ್ತೇವೆ ಎಂದು ತೆರೆಯ ಮೇಲೆ ದಪ್ಪ ಅಕ್ಷರದಲ್ಲಿ ಬಂದಿತ್ತು. ಫೋನ್ ಮಾಡಿದರೆ, ನಿಮ್ಮ ಪಿನ್‌ಕೋಡಿನಿಂದ ನಮ್ಮ ಕೊರಿಯರ್ ಸಾಮಾನು ಎತ್ತುವುದಿಲ್ಲ, ನೀವೇ ಕಳಿಸಿ ಎಂದರು. ತಂದುಕೊಡಲು ಪಿನ್‌ಕೋಡ್ ಸರಿಯಿತ್ತು, ಎತ್ತಲು ಸರಿಯಿರಲಿಲ್ಲ. ಕಿರಿಯ ಮಗ ಡಬ್ಬಿಯನ್ನು ಬೈಕಿಗೆ ಕಟ್ಟಿಕೊಂಡು ಸಿಂಧನೂರಿಗೆ ಹೋಗಿ, ತೂಕಕ್ಕೆ ತಕ್ಕ ದುಡ್ಡು ಕೊಟ್ಟು ಕೊರಿಯರ್ ಮಾಡಿದ. ವಾರಗಳ ನಂತರ ಬಂದದ್ದು ದುಡ್ಡಲ್ಲ, ಮುಂದಿನ ಖರೀದಿಯಲ್ಲಿ ಕಳೆದುಕೊಳ್ಳಬಹುದಾದ ಒಂದು ಸಂಖ್ಯೆ. ಅದನ್ನು ಬಳಸಲು ಮತ್ತೆ ಅವರಲ್ಲೇ ಕೊಳ್ಳಬೇಕು. ಆ ಸಂಖ್ಯೆ ಬರೆದ ಚೀಟಿ ಈಗಲೂ ದೇವರ ಪಟದ ಹಿಂದೆ ಇದೆಯಂತೆ.

ಆ ದಿನಗಳ ಪದ್ಧತಿಯನ್ನು ನೆನಪಿಸಿಕೊಳ್ಳಿ. ದುಡ್ಡು ಕಟ್ಟಿ ಬಿಡಿಸಿಕೊಳ್ಳುವ ಅಂಚೆಯ ವಿ.ಪಿ.ಪಿ. ಆಗಲಿ, ಕೊರಿಯರಿಗೆ ಬಾಗಿಲಲ್ಲಿ ಕೊಡುವ ನಗದಾಗಲಿ, ಕ್ರಮ ಒಂದೇ: ಮೊದಲು ದುಡ್ಡು, ಆಮೇಲೆ ಡಬ್ಬಿ ತೆರೆಯುವುದು. ತಂದವನು ಪೋಸ್ಟ್‌ಮ್ಯಾನ್, ಒಳಗೇನಿದೆ ಎಂಬುದು ಅವನಿಗೂ ಗೊತ್ತಿಲ್ಲ, ಅವನ ಜವಾಬ್ದಾರಿಯೂ ಅಲ್ಲ. ದೂರು ಕೊಡುವುದಾದರೆ ಅಂದಿನ 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಮಾರಾಟಗಾರನ ವ್ಯವಹಾರವಿರುವಲ್ಲಿ ಅಥವಾ ವಿವಾದದ ಕಾರಣ ಹುಟ್ಟಿದಲ್ಲಿ ಕೊಡಬೇಕು. ಆ ಕಾರಣ ಹುಟ್ಟಿದ್ದು ಹಳ್ಳಿಯಲ್ಲೋ ಕಂಪನಿಯ ಊರಿನಲ್ಲೋ ಎಂಬ ವಾದಕ್ಕೇ ವಕೀಲರು ಬೇಕು. ಗ್ರಾಹಕನು ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು ಎಂದು ನೇರವಾಗಿ ಹೇಳಿದ್ದು 2019ರ ಕಾಯ್ದೆ. ಅದು ಜಾರಿಗೆ ಬಂದದ್ದು 2020ರ ಜುಲೈನಲ್ಲಿ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವೂ ಇಲ್ಲ. ಆದರೂ ರೊಟ್ಟಿ ಯಂತ್ರಕ್ಕಾಗಿ ಸಿಂಧನೂರಿನಿಂದ ಎಂಬತ್ತು ಕಿಲೋಮೀಟರ್‌ಗೂ ಹೆಚ್ಚು ದೂರದ ರಾಯಚೂರಿಗೆ ಓಡಾಡುವವರು ಯಾರು? ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಫೋನ್ ಮಾಡಬಹುದು ಎಂದು ನಾನು ಈಗ ಹೇಳಿದಾಗ ಅತ್ತೆ ನಕ್ಕರು. ಮತ್ತೊಂದು ಫೋನಾ ಎಂದರು.

ಇದನ್ನು ಈ ಸೀಮೆಯ ಹಳೆಯ ವ್ಯಾಪಾರದ ಪಕ್ಕದಲ್ಲಿಟ್ಟು ನೋಡಬೇಕು. ಇಳಕಲ್ಲಿನ ಕಡೆಯಿಂದ ಸೀರೆಯ ಗಂಟು ಹೊತ್ತು ಬರುವ ವ್ಯಾಪಾರಿ ಈ ಮನೆಗೆ ಅತ್ತೆ ಸೊಸೆಯಾಗಿ ಬಂದಾಗಿನಿಂದ ಬರುತ್ತಿದ್ದಾನೆ. ಮೊದಲು ಅವನ ತಂದೆ, ಈಗ ಇವನು ಬೈಕಿನಲ್ಲಿ. ಅವನ ಬೆಲೆ ಪೇಟೆಗಿಂತ ಹೆಚ್ಚು. ಎಲ್ಲರಿಗೂ ಗೊತ್ತು. ಆದರೆ ಉದ್ರಿ ಕೊಡುತ್ತಾನೆ, ಸುಗ್ಗಿಗೆ ವಸೂಲಿ ಮಾಡುತ್ತಾನೆ. ಬಣ್ಣ ಬಿಟ್ಟ ಸೀರೆ ಕೊಟ್ಟರೆ ಮುಂದಿನ ಸಲ ಓಣಿಯ ತಲೆಯಲ್ಲೇ ಅವನನ್ನು ತಡೆದು ನಿಲ್ಲಿಸುತ್ತಾರೆ. ಅವನು ಆಣೆ ಹಾಕುತ್ತಾನೆ, ಇವರು ಬೈಯುತ್ತಾರೆ, ಚಹಾ ಆಗುತ್ತದೆ, ಬೇರೆ ಸೀರೆ ಬರುತ್ತದೆ ಅಥವಾ ಬಾಕಿಯಲ್ಲಿ ನೂರು ರೂಪಾಯಿ ಕಡಿಮೆಯಾಗುತ್ತದೆ. ಇಲ್ಲಿ ವಿಶ್ವಾಸ ಎಂದರೆ ಮೋಸವೇ ಆಗದು ಎಂಬ ನಂಬಿಕೆಯಲ್ಲ. ಮೋಸವಾದರೆ ಜಗಳಕ್ಕೆ ಆಸಾಮಿ ಸಿಗುತ್ತಾನೆ ಎಂಬ ಖಾತರಿ. ಟಿವಿಯ ವ್ಯಾಪಾರಿ ಉದ್ರಿಯನ್ನೂ ಕೊಡಲಿಲ್ಲ, ಜಗಳಕ್ಕೂ ಸಿಗಲಿಲ್ಲ. ನನ್ನ ಪ್ರಕಾರ ಈ ಪ್ರಕರಣದ ಮೂಲ ಕಾರಣ ಇದು. ಉಳಿದವೆಲ್ಲ ಇದರ ಮೇಲೆ ಬಿದ್ದ ಪೆಟ್ಟುಗಳು.

ಮೇಲಿಂದ ಮೇಲೆ

ಯಂತ್ರದ ಪ್ರಸಂಗವಾದ ಮೇಲೂ ಸೊಸೆ ಪೂರ್ತಿ ಬಿಟ್ಟಿರಲಿಲ್ಲ. ಮರುವರ್ಷ ಒಂದು ಪಾತ್ರೆ ಸೆಟ್ಟಿನ ಮೇಲೆ ಕಣ್ಣಿಟ್ಟಿದ್ದರು. ಕನ್ನಡದಲ್ಲಿ ನಿರೂಪಕಿ 'ಇಂದೇ ಕೊನೆಯ ದಿನ, ಕೆಲವೇ ಸೆಟ್ ಉಳಿದಿವೆ' ಎಂದು ಅವಸರಪಡಿಸಿದಳು. ಕೈಯಲ್ಲಿ ದುಡ್ಡಿರಲಿಲ್ಲ, ಸುಮ್ಮನಾದರು. ವಾರದ ನಂತರ ತೆಲುಗಿನಲ್ಲಿ ಅದೇ ಸೆಟ್, ಅದೇ ಬೆಲೆ, ಮತ್ತೆ 'ಇಂದೇ ಕೊನೆ'. ಆಮೇಲೆ ಕನ್ನಡದಲ್ಲಿ ಮತ್ತೊಮ್ಮೆ. ಎರಡು ಭಾಷೆ ತಿಳಿಯದವರಿಗೆ ಈ ಗುಟ್ಟು ಇನ್ನಷ್ಟು ದಿನ ತಡವಾಗಿ ಬಿಚ್ಚಿಕೊಳ್ಳುತ್ತಿತ್ತು. ಸೊಸೆ ಅದನ್ನು ಓಣಿಯ ಹೆಂಗಸರಿಗೆಲ್ಲ ತೋರಿಸಿದರು. ಆ ಮೇಲೆ ಅದು ಅವರಿಗೊಂದು ಆಟವಾಯಿತು: ಯಾವುದರ ಕೊನೆಯ ದಿನ ಎಷ್ಟು ಸಲ ಬಂತು ಎಂದು ಎಣಿಸುವುದು.

ಇದು ಒಂದು ಓಣಿಯ ಗುಮಾನಿಯಷ್ಟೇ ಆಗಿ ಉಳಿಯಲಿಲ್ಲ. ಬಹಳ ವರ್ಷಗಳ ನಂತರ, 2022ರ ಫೆಬ್ರುವರಿಯಲ್ಲಿ, ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ದಾರಿ ತಪ್ಪಿಸುವ ಜಾಹೀರಾತಿಗಾಗಿ ನಾಪ್ಟಾಲ್‌ಗೆ ಹತ್ತು ಲಕ್ಷ ರೂಪಾಯಿ ದಂಡ ಹಾಕಿತು. ಮೊದಲೇ ಚಿತ್ರೀಕರಿಸಿದ ಕಾರ್ಯಕ್ರಮವಾದರೆ ಅದು ಮೊದಲೇ ಚಿತ್ರೀಕರಿಸಿದ್ದು ಎಂದು ತಿಳಿಸಬೇಕು, ಸಾಮಾನು ತೀರಿಯೇ ಹೋಯಿತು ಎಂಬ ಕೃತಕ ಅಭಾವ ಸೃಷ್ಟಿಸಬಾರದು ಎಂದು ಆ ಆದೇಶ ಹೇಳಿತು. ಈ ಮನೆಯ ಸಾಮಾನು ಯಾವ ಕಂಪನಿಯದು ಎಂಬುದಕ್ಕೂ ಆ ಆದೇಶಕ್ಕೂ ನಂಟು ಹಾಕುವುದು ಬೇಡ. ಆ ಬಗೆಯ ಮಾರಾಟ ಹೇಗೆ ನಡೆಯುತ್ತಿತ್ತು ಎಂಬುದಕ್ಕಷ್ಟೇ ಅದನ್ನು ಉಲ್ಲೇಖಿಸಿದ್ದೇನೆ.

2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದವು. ಬಾಗಿಲಲ್ಲಿ ನಗದು ಎಣಿಸಿ ಕೊಡುವುದರ ಮೇಲೆಯೇ ನಿಂತಿದ್ದ ವ್ಯಾಪಾರಕ್ಕೆ ಅದು ಎಂಥ ಏಟು ಎಂದು ಬಿಡಿಸಿ ಹೇಳಬೇಕಿಲ್ಲ. ಭತ್ತದ ಕೊಯ್ಲಿನ ಹೊತ್ತು, ಕೂಲಿಗೆ ಕೊಡಲೂ ಚಿಲ್ಲರೆ ಇಲ್ಲ. ಪಕ್ಕದ ಮನೆಗೆ ಬಂದ ಡಬ್ಬಿ ಹಾಗೆಯೇ ಹಿಂದಕ್ಕೆ ಹೋಯಿತು. ಇಳಕಲ್ಲಿನ ಸೀರೆಯವನು ಮಾತ್ರ ಬಂದ, ಪುಸ್ತಕದಲ್ಲಿ ಬರೆದುಕೊಂಡು ಹೋದ.

ಕೊನೆಯ ಪೆಟ್ಟು ಅಂಚೆಯಲ್ಲಿ ಬಂತು. ಹಿರಿಯ ಸೊಸೆಯ ಹೆಸರಿಗೆ ಒಂದು ಲಕೋಟೆ, ಒಳಗೆ ಉಜ್ಜಿ ನೋಡುವ ಕಾರ್ಡು. ಉಜ್ಜಿದರೆ ಕಾರು ಬಹುಮಾನ. ತೆರಿಗೆ ಎಂದು ಇಂತಿಷ್ಟು ಸಾವಿರ ಖಾತೆಗೆ ಹಾಕಿದರೆ ಕಾರು ಮನೆಗೆ. ಟಿವಿ ಶಾಪಿಂಗ್ ಕಂಪನಿಗಳ ಹೆಸರು ಹಚ್ಚಿಕೊಂಡು ವಂಚಕರು ದೇಶದ ತುಂಬ ಆಡಿದ ಆಟ ಇದು. ಪೊಲೀಸರ ಎಚ್ಚರಿಕೆಗಳೂ ಪತ್ರಿಕೆಗಳಲ್ಲಿ ಬಂದಿವೆ. ದುಡ್ಡು ಹೋಗಲಿಲ್ಲ, ಹಿರಿಯ ಮಗ ತಡೆದ. ಆದರೆ ಲಕೋಟೆಯ ಮೇಲಿನ ವಿಳಾಸ ಮನೆಯವರನ್ನು ಕಾಡಿತು. ಊರಿನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು; ಅದೇ ತಪ್ಪು ರೊಟ್ಟಿ ಯಂತ್ರದ ಡಬ್ಬಿಯ ಮೇಲೂ ಇತ್ತು. ವಿಳಾಸ ಎಲ್ಲಿಂದ ಸೋರಿತು, ಯಾರು ಮಾರಿದರು ಎಂಬುದಕ್ಕೆ ನನ್ನ ಬಳಿ ಪುರಾವೆಯಿಲ್ಲ. ಮನೆಯವರಿಗೆ ಪುರಾವೆ ಬೇಕಾಗಿಯೂ ಇರಲಿಲ್ಲ. ಹಿಂದೆ ಹೆಮ್ಮೆಯಿಂದ ಕೇಳಿಸಿಕೊಂಡ ಹೆಸರು ಈಗ ಯಾರ್ಯಾರ ಪಟ್ಟಿಯಲ್ಲೋ ಇದೆ ಎನ್ನುವುದು ಸೊಸೆಯನ್ನು ಹೆದರಿಸಿತು. ಅಲ್ಲಿಗೆ ಮುಗಿಯಿತು.

ಬೇರೆ ಕಾರಣಗಳು

ನ್ಯಾಯವಾಗಿ ಬೇರೆ ಕಾರಣಗಳನ್ನೂ ತೂಗಬೇಕು. ಕೇಬಲ್ ಡಿಜಿಟಲ್ ಆದದ್ದು ಒಂದು. ಹಳ್ಳಿಗಳಲ್ಲಿ 2017ರ ಮಾರ್ಚ್ ಕೊನೆಗೆ ಅನಲಾಗ್ ನಿಲ್ಲಬೇಕು ಎಂಬ ಗಡುವಿತ್ತು. ಸೆಟ್‌ಟಾಪ್ ಬಾಕ್ಸ್ ಬಂದ ಮೇಲೆ ಒಂದೇ ಬಗೆಯ ವಾಹಿನಿಗಳು ಒಂದೆಡೆ ಸೇರಿದವು, ಶಾಪಿಂಗ್ ವಾಹಿನಿ ಧಾರಾವಾಹಿಗಳ ದಾರಿಯಿಂದ ದೂರ ಹೋಯಿತು. ಆದರೆ ಈ ಮನೆ ಅಷ್ಟರೊಳಗೆ ಕೊಳ್ಳುವುದನ್ನು ಬಿಟ್ಟಾಗಿತ್ತು. ಬೆಲೆಯೂ ಕಾರಣವಲ್ಲ, ಟಿವಿಯಲ್ಲಿ ಬರುತ್ತಿದ್ದ ಸಾಮಾನಿಗೆ ಪೇಟೆಯಲ್ಲಿ ಅದೇ ಹೆಸರಿನ ಜೋಡಿ ಸಿಗದಂತೆ ಕಂಪನಿಗಳೇ ನೋಡಿಕೊಳ್ಳುತ್ತಿದ್ದುದರಿಂದ ಹೋಲಿಸಲು ಆಧಾರವೇ ಇರಲಿಲ್ಲ.

ಈ ವ್ಯಾಪಾರ ಹುಟ್ಟಿದ ಅಮೆರಿಕದಲ್ಲೂ ಅದು ಕುಗ್ಗಿದೆ. ಅಲ್ಲಿನ ಮೊದಲ ಹೆಸರುವಾಸಿ ವಾಹಿನಿ ಎಚ್‌ಎಸ್‌ಎನ್ 1982ರಲ್ಲಿ ಫ್ಲಾರಿಡಾದ ಸ್ಥಳೀಯ ಕೇಬಲ್‌ನಲ್ಲಿ ಶುರುವಾಯಿತು, ಎದುರಾಳಿ ಕ್ಯೂವಿಸಿ 1986ರಲ್ಲಿ. 2017ರಲ್ಲಿ ಕ್ಯೂವಿಸಿಯ ಮಾತೃಸಂಸ್ಥೆಯೇ ಎಚ್‌ಎಸ್‌ಎನ್ ಅನ್ನು ಕೊಂಡಿತು. ನಮ್ಮಲ್ಲಿಯೂ 2018ರಲ್ಲಿ ಹೋಮ್‌ಶಾಪ್18 ಮತ್ತು ಶಾಪ್ ಸಿಜೆ (ಸ್ಟಾರ್ ಮತ್ತು ಸಿಜೆ ಸೇರಿ ತಂದ ವಾಹಿನಿಯ ನಂತರದ ಹೆಸರು) ಒಂದಾದವು. ಅಮೆರಿಕದಲ್ಲಿ ಜನ ಕೇಬಲ್ ಸಂಪರ್ಕವನ್ನೇ ಕತ್ತರಿಸುತ್ತಿರುವುದು ದೊಡ್ಡ ಕಾರಣ. ನಮ್ಮ ಈ ಮನೆ ಕೇಬಲ್ ಕತ್ತರಿಸಿಲ್ಲ, ಬಾಡಿಗೆ ತಪ್ಪದೆ ಕಟ್ಟುತ್ತದೆ. ಅತ್ತೆ ಈಗಲೂ ಒಮ್ಮೊಮ್ಮೆ ಶಾಪಿಂಗ್ ಕಾರ್ಯಕ್ರಮ ಸಿಕ್ಕರೆ ನಿಂತು ನೋಡುತ್ತಾರೆ. ನಿರೂಪಕಿಯ ಮಾತಿನ ಚಟಪಟ ಅವರಿಗೆ ಇಷ್ಟ. ಕೊಳ್ಳುವುದಿಲ್ಲ ಅಷ್ಟೇ.

ಕಂಪನಿಯ ಕಡೆಯಿಂದ ನೋಡಿದರೆ ಅವರು ದಡ್ಡರೂ ಅಲ್ಲ. ವಾಹಿನಿ ನಡೆಸುವ ಖರ್ಚು, ಕೇಬಲ್ಲಿಗೆ ಕಟ್ಟುವ ಹಣ ಎಲ್ಲ ಮೊದಲೇ ಹೋಗಿರುತ್ತದೆ. ಡಬ್ಬಿ ಹಿಂದಕ್ಕೆ ಬಂದರೆ ಹೋಗುವ ಬಾಡಿಗೆ, ಬರುವ ಬಾಡಿಗೆ ಎರಡೂ ಅವರ ತಲೆಗೆ. ಕಾಲುವೆ ಅಂಚಿನ ಹಳ್ಳಿಯಿಂದ ಒಂದು ಯಂತ್ರ ಎತ್ತಿಸುವ ಖರ್ಚನ್ನು ಉಳಿಸಿದ್ದು ಆ ತಿಂಗಳ ಲೆಕ್ಕಕ್ಕೆ ಸರಿಯೇ. ಆದರೆ ಆ ಉಳಿತಾಯದಲ್ಲಿ ಒಂದು ಓಣಿ ಪೂರ್ತಿ ಹೋಯಿತು. ಸಿಂಧನೂರಿನ ಒಂದು ಪಾತ್ರೆ ಅಂಗಡಿಯವನಿಗೆ ಸಣ್ಣ ಕಮಿಷನ್ ಕೊಟ್ಟು, ವಾಪಸ್ ಬಂದ ಡಬ್ಬಿ ಇಟ್ಟುಕೋ, ಬಂದವರ ಬೈಗುಳ ಕೇಳಿಸಿಕೋ ಎಂದು ಕೂಡಿಸಿದ್ದರೆ ಸಾಕಿತ್ತು ಎನ್ನುವುದು ನನ್ನ ಅಭಿಪ್ರಾಯ. ತರಗತಿಯಲ್ಲಿ ಇದನ್ನು ಹೇಳಿದಾಗ ಹುಡುಗರು ನಗುತ್ತಾರೆ, ಹುಡುಗಿಯರು ನಗುವುದಿಲ್ಲ.

ಫೋನ್ ಬಂದ ಮೇಲೆ

2018ರಲ್ಲಿ ಕಿರಿಯ ಸೊಸೆ ಮದುವೆಯಾಗಿ ಬಂದಾಗ ಜೊತೆಗೆ ಸ್ಮಾರ್ಟ್‌ಫೋನ್ ಬಂತು. ಜಿಯೊ ಶುರುವಾಗಿ ಆಗಲೇ ಎರಡು ವರ್ಷವಾಗಿತ್ತು, ಡೇಟಾ ಅಗ್ಗವಾಗಿತ್ತು. ಆದರೂ ಮನೆಯವರು ತಕ್ಷಣ ಕೊಳ್ಳಲಿಲ್ಲ. ಹಿರಿಯ ಸೊಸೆ ಕೇಳಿದ ಮೊದಲ ಪ್ರಶ್ನೆ ಬೆಲೆಯದಲ್ಲ. ಬೇಡವೆಂದರೆ ಯಾರು ಒಯ್ಯುತ್ತಾರೆ ಎಂಬುದು. ಮನೆ ಬಾಗಿಲಿಗೆ ಬಂದೇ ಒಯ್ಯುತ್ತಾರೆ ಎಂದು ಗೊತ್ತಾಗಲು ಒಂದು ಚೂಡಿದಾರ್ ತರಿಸಿ, ಬೇಕೆಂದೇ ವಾಪಸ್ ಕಳಿಸಿ ನೋಡಿದರು. ದುಡ್ಡು ಖಾತೆಗೆ ಬಂತು. ಕೊಂಡವರೇ ಹಾಕಿದ ಫೋಟೊಗಳಲ್ಲಿ ಬಣ್ಣ ಹೇಗಿದೆ ಎಂದು ಈಗ ಅತ್ತೆ ಕೂಡ ಕನ್ನಡಕ ಹಾಕಿಕೊಂಡು ಪರೀಕ್ಷಿಸುತ್ತಾರೆ. ಡಬ್ಬಿ ತರುವ ಹುಡುಗ ಪಕ್ಕದೂರಿನವನು, ಹಿರಿಯ ಸೊಸೆಯನ್ನು ಅಕ್ಕ ಎನ್ನುತ್ತಾನೆ, ತಡವಾದರೆ ಬೈಸಿಕೊಳ್ಳುತ್ತಾನೆ. ತಪ್ಪು ಅವನದಲ್ಲದಿದ್ದರೂ ಬೈಸಿಕೊಳ್ಳುತ್ತಾನೆ.

ಇನ್ನೊಂದು ಬೆಳವಣಿಗೆ ನನ್ನ ವಿದ್ಯಾರ್ಥಿಗಳ ಸಿದ್ಧ ಉತ್ತರವನ್ನು ಮತ್ತಷ್ಟು ಅಲುಗಾಡಿಸುತ್ತದೆ. ಪೇಟೆಯ ಸೀರೆ ಅಂಗಡಿಗಳು ಈಗ ಫೋನಿನಲ್ಲಿ ನೇರಪ್ರಸಾರ ಮಾಡುತ್ತವೆ. ಒಬ್ಬ ಹೆಣ್ಣುಮಗಳು ಸೀರೆ ಹರಡುತ್ತಾಳೆ, ಸೆರಗು ತೋರಿಸುತ್ತಾಳೆ, ಬೆಲೆ ಹೇಳುತ್ತಾಳೆ, ಬೇಕಾದವರು ಸಂದೇಶ ಹಾಕುತ್ತಾರೆ. ಟಿವಿ ಶಾಪಿಂಗಿನ ಪದ್ಧತಿಯೇ. ಈ ಮನೆಯ ಇಬ್ಬರು ಸೊಸೆಯಂದಿರೂ ಅದನ್ನು ಧಾರಾವಾಹಿಗಿಂತ ಹೆಚ್ಚು ಶ್ರದ್ಧೆಯಿಂದ ನೋಡುತ್ತಾರೆ, ಕೊಳ್ಳುತ್ತಾರೆ. ತೋರಿಸಿ ಮಾರುವ ಆಟದ ಮೇಲಿನ ಆಸೆ ಬತ್ತಿಲ್ಲ. ಅಂಗಡಿ ಎಲ್ಲಿದೆ ಎಂದು ಅವರಿಗೆ ಗೊತ್ತು, ಸಂತೆಗೆ ಹೋದಾಗ ಅದರ ಮುಂದೆಯೇ ಹಾದು ಬರುತ್ತಾರೆ.

ಫೋನಿನ ವ್ಯಾಪಾರಕ್ಕೂ ಹಳೆಯ ಚಾಳಿಗಳು ಹತ್ತಿವೆ. 'ಎರಡೇ ಉಳಿದಿವೆ', 'ಹತ್ತು ನಿಮಿಷದಲ್ಲಿ ಕೊಡುಗೆ ಮುಗಿಯುತ್ತದೆ' ಎಂದು ಗಡಿಯಾರ ಓಡುತ್ತದೆ. 2023ರ ನವೆಂಬರ್‌ನಲ್ಲಿ ಅದೇ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯು ಗ್ರಾಹಕರನ್ನು ಮರುಳು ಮಾಡುವ ಹದಿಮೂರು ತಂತ್ರಗಳನ್ನು ಹೆಸರಿಸಿ ನಿಷೇಧಿಸಿದೆ. ಪಟ್ಟಿಯಲ್ಲಿ ಮೊದಲನೆಯದು ಸುಳ್ಳು ಅವಸರ. ಕಿರಿಯ ಸೊಸೆ ಆ ಗಡಿಯಾರ ನೋಡಿ ಗಾಬರಿಯಾದಾಗ ಹಿರಿಯ ಸೊಸೆ ಫೋನ್ ತೆಗೆದುಕೊಂಡು ಕಪಾಟಿನ ಮೇಲಿಡುತ್ತಾರೆ. ನಾಳೆಯೂ ಎರಡೇ ಉಳಿದಿರುತ್ತವೆ, ನೋಡಿಯೇ ಕೊಳ್ಳೋಣ ಎನ್ನುತ್ತಾರೆ. ಹೆಚ್ಚಿನ ಸಲ ಎರಡೇ ಉಳಿದಿರುತ್ತವೆ. ಕಳೆದ ದೀಪಾವಳಿಯಲ್ಲಿ ಮಾತ್ರ ಒಂದು ಕುಕ್ಕರ್ ನಿಜವಾಗಿಯೂ ಮುಗಿದುಹೋಯಿತು. ಅದಕ್ಕಾಗಿ ಆ ಇಬ್ಬರ ನಡುವೆ ಎರಡು ದಿನ ಮಾತಿರಲಿಲ್ಲ.